ಮೇಣದೊಳಗೆ ಕಟ್ಟಿದ ಮಿಂಚು

ನನ್ನ ಗಂಡ ಹೊನ್ನಾಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮದುವೆಯಾಗಿ ಬಂದಾಗ ಅವರು ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಒಂದು ಸುರುಳಿ ಸುತ್ತುತ್ತಿದ್ದರು. ಕಬ್ಬಿಣದ ಕಡ್ಡಿಗಳ ಕಟ್ಟಿನ ಮೇಲೆ ದಪ್ಪ ತಾಮ್ರದ ತಂತಿ, ಅದರ ಮೇಲೆ ಕೂದಲೆಳೆಯಂಥ ತಂತಿ. ಲಾರಿಯ ಹಳೇ ಬ್ಯಾಟರಿಯ ಕರೆಂಟು ಬಿಟ್ಟು ಬಿಟ್ಟು ಹರಿಸಿದರೆ ಸಾವಿರಾರು ವೋಲ್ಟಿನ ಕಿಡಿ ಹಾರಬೇಕು. ವರ್ಷಗಟ್ಟಲೆ ಪಾಠ ಮಾಡಿದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ.

ಕಿಡಿ ಹಾರಿತು, ಆದರೆ ಒಳಗೇ. ಚಟ್ ಎಂದು ಸದ್ದಾಗಿ ಸುಟ್ಟ ವಾಸನೆ ಬಂತು. ಬಿಚ್ಚಿ ನೋಡಿದರೆ ಸುತ್ತುಗಳ ನಡುವಿನ ಕಾಗದದಲ್ಲಿ ಸೂಜಿಮೊನೆಯಷ್ಟು ತೂತು.

"ತಂತಿ ಸುತ್ತೋದು ದೊಡ್ಡದಲ್ಲ, ಒಳಗೊಳಗೇ ಹಾರದಂಗೆ ತಡೆಯೋದೇ ದೊಡ್ಡದು," ಎಂದರು.

ಮತ್ತೆ ಸುತ್ತಿದೆವು. ನಾನು ಸುರುಳಿ ಸುತ್ತುವ ಹಿಡಿ ತಿರುಗಿಸುತ್ತಿದ್ದೆ, ಅವರು ತಂತಿ ಕೂರಿಸುತ್ತಿದ್ದರು. ಈ ಸಲ ಮೇಣದಬತ್ತಿ ಕರಗಿಸಿ, ಸುರುಳಿಯನ್ನು ಡಬ್ಬಿಯಲ್ಲಿಟ್ಟು ಸುರಿದರು. ಅದೂ ಸತ್ತುಹೋಯಿತು. ಮೇಣ ಕೊಯ್ದಾಗ ಎಳ್ಳುಕಾಳಿನಷ್ಟು ಗಾಳಿಗುಳ್ಳೆ, ಸುತ್ತ ಕಪ್ಪು. ಅವತ್ತು ಅವರು ಊಟಕ್ಕೇಳಲಿಲ್ಲ.

"ಈ ಸಲ ಮೇಣ ನಾನು ಕಾಯಿಸ್ತೀನಿ ಬಿಡ್ರಿ," ಎಂದೆ.

"ನೀನು ಕಾಯಿಸಿದ್ರೆ ಏನು ಬೇರೆ ಆಗ್ತೈತೆ?"

"ಬೆಣ್ಣೆ ಕಾಯಿಸಿದಂಗೆ ಕಾಯಿಸ್ತೀನಿ. ಗುಳುಗುಳು ನಿಲ್ಲೋ ತನಕ ಇಳಿಸಾಕಿಲ್ಲ."

ಮೂರನೇ ಸಲ ಸುತ್ತಿದ ಸುರುಳಿಯನ್ನು ಡಬ್ಬಿಯ ಮೇಣದಲ್ಲಿ ಮುಳುಗಿಸಿದೆ. ಬಾಣಲೆಗೆ ಹೊಳೆಯ ಮರಳು ತುಂಬಿ, ಡಬ್ಬಿಯನ್ನು ಅದರಲ್ಲಿ ಹೂತು, ಸಣ್ಣ ಕೆಂಡದ ಮೇಲಿಟ್ಟೆ. ಮಳೆಗಾಲದ ತೇವವೆಲ್ಲ ಕಾಗದದಲ್ಲಿ ಕೂತಿತ್ತು. ಸಣ್ಣ ಗುಳ್ಳೆಗಳು ಎದ್ದೇ ಎದ್ದವು. ಬೆಳಗಿನ ಕಾಫಿಯ ಹೊತ್ತಿಗೆ ಇಟ್ಟದ್ದು, ಊಟದ ಹೊತ್ತು ಮೀರಿದ ಮೇಲೆ ಸುಮ್ಮನಾಯಿತು. ಕೆಂಡ ಆರುವವರೆಗೂ ಅದನ್ನು ಅಲುಗಿಸಲಿಲ್ಲ.

ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದೆವು. ಕೆಟ್ಟುಹೋದ ಒಂದು ಟ್ಯೂಬ್‌ಲೈಟನ್ನು ಸುರುಳಿಯಿಂದ ಗೇಣು ದೂರದಲ್ಲಿ ರೇಷ್ಮೆ ಹುರಿಯಿಂದ ತೂಗುಹಾಕಿದರು. ಒಣ ಹಲಗೆಯ ಮೇಲೆ ನಿಂತು ಸ್ವಿಚ್ ಒತ್ತಿದರು.

ಕಿರುಬೆರಳುದ್ದದ ನೇರಳೆ ಕಿಡಿ ಚಟಚಟನೆ ಹಾರತೊಡಗಿತು. ಅದರೊಟ್ಟಿಗೆ ಟ್ಯೂಬಿನ ಅರ್ಧದವರೆಗೆ ತಣ್ಣನೆಯ ಬೆಳಕು ತುಂಬಿತು.

ಸದ್ದಿಗೆ ಅತ್ತೆ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ಸವಳಂಗದ ಕಡೆಯವರು, ಹೊಲದ ಕೆಲಸದಲ್ಲೇ ಬೆಳೆದವರು.

"ಏನಪ್ಪಾ, ವೈರೇ ಇಲ್ಲಲ್ಲ. ಹೆಂಗೆ ಉರೀತೈತೆ?" ಎಂದು ಮಗನನ್ನು ಕೇಳಿದರು.

"ನಡುವಿನ ಗಾಳಿ ದಾಟಿ ಬರ್ತೈತವ್ವ." ಅವರ ದನಿ ಮೇಷ್ಟ್ರ ದನಿಯಂತಿರಲಿಲ್ಲ.

ಅತ್ತೆ ಟ್ಯೂಬಿನ ಆ ಕೊನೆಗೆ ಹೋದರು.

"ಮುಟ್ಟಬ್ಯಾಡ್ರಿ ಅತ್ತೆ," ಎಂದೆ.

ಮುಟ್ಟಲಿಲ್ಲ. ಅಂಗೈಯನ್ನು ಹತ್ತಿರ ಒಡ್ಡಿದರು, ಅಷ್ಟೆ. ಅರ್ಧಕ್ಕೆ ನಿಂತಿದ್ದ ಬೆಳಕು ಕೊಳವೆಯುದ್ದಕ್ಕೂ ಹರಿದು ಅವರ ಕೈಯ ಹತ್ತಿರ ಬಂತು. ಕೈ ಹಿಂದೆಗೆದರೆ ಹಿಂದೆ ಸರಿಯಿತು. ಮತ್ತೆ ಒಡ್ಡಿದರೆ ಮತ್ತೆ ಬಂತು. ಆ ಬೆಳಕಿನಲ್ಲಿ ಅವರ ಅಂಗೈಯ ಒಡಕುಗಳೆಲ್ಲ ಕಾಣುತ್ತಿದ್ದವು.

"ಕರೆದ್ರೆ ಬರ್ತೈತಲ್ಲೇ," ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

ಸುರುಳಿ ಆಮೇಲೆ ಶಾಲೆಗೆ ಹೋಯಿತು. ಎಷ್ಟೋ ಮಳೆಗಾಲ ಕಂಡರೂ ಒಳಗೆ ಸುಡಲಿಲ್ಲ. ಆ ಭಾನುವಾರ ಮಾತ್ರ ಬ್ಯಾಟರಿ ಸೋಲುವ ತನಕ ಅತ್ತೆಯೂ ನಾನೂ ಸರದಿಯಲ್ಲಿ ಕೈ ಒಡ್ಡುತ್ತ ನಿಂತಿದ್ದೆವು.