ದಾಳಿಂಬೆ ಗಿಡಕ್ಕೆ ಕಟ್ಟಿದ ಕುರಿಬಲೆ

ಎಷ್ಟು ಕುರಿಮರಿಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟು ಬದುಕಿಸಿದ್ದಾಳೆಂಬುದು ಸೀತವ್ವಳಿಗೇ ನೆನಪಿಲ್ಲ. ಗಂಡಸರು ದೊಡ್ಡ ಕುರಿಗಳನ್ನು ಮೇಯಿಸಲು ಹೊಡೆದುಕೊಂಡು ಹೋದರೆ, ಬೀಡು ಬಿಟ್ಟ ಹೊಲದಲ್ಲಿ ಎಳೆಮರಿಗಳನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸ. ಬೆಲ್ಲದ ಬಾಗೇವಾಡಿಯಿಂದ ಹೊರಟು, ಗೋಕಾಕ ದಾಟಿ, ಮೂಡಲಗಿಯ ಎರೆಹೊಲಗಳ ತನಕ ಕುರಿಗಳ ಹಿಂದೆ ನಡೆದ ನಲವತ್ತು ವರ್ಷ ಅವಳು ಆ ಕೆಲಸ ಮಾಡಿದಳು. ಬಿದಿರಿನ ದೊಡ್ಡ ಬುಟ್ಟಿ, ಅದರ ಮೇಲೊಂದು ಕಂಬಳಿ, ಒಳಗೆ ಬೆಚ್ಚನೆಯ ಕತ್ತಲು. ಅಷ್ಟಿದ್ದರೆ ಉಸಿರು ನಿಂತಂತಿದ್ದ ಮರಿಯೂ ಮರುದಿನ ಕಾಲೂರಿ ನಿಲ್ಲುತ್ತಿತ್ತು.

ಎರಡು ವರ್ಷದ ಹಿಂದೆ ಹಿಂಡು ಮಾರಿದರು. ಗಂಡ ಮಾಲಿಂಗಪ್ಪನ ಮೊಣಕಾಲು ನಡೆಯಲು ಕೇಳಲಿಲ್ಲ, ಮಗ ಸುನೀಲ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಹಿಡಿದಿದ್ದ. ವ್ಯಾಪಾರಿ ಬಂದ ದಿನ ಸೀತವ್ವ ಬಸುರಿಯಾಗಿದ್ದ ತಂಗಿಯ ಮಗಳ ಕುಬಸಕ್ಕೆಂದು ನಿಡಸೋಸಿಗೆ ಹೋಗಿದ್ದಳು. ತಿರುಗಿ ಬಂದರೆ ಕುರಿದಡ್ಡಿ ಖಾಲಿ. ಮನೆಯಿಂದ ಕುರಿ ಹೋಗುವಾಗ ಹಣೆಗೆ ಅರಿಸಿನದ ಭಂಡಾರ ಹಚ್ಚಿ, ಒಂದು ಚಿಟಿಕೆ ಉಣ್ಣೆ ಕತ್ತರಿಸಿ ಮನೆಯ ಜಂತಿಗೆ ಸಿಕ್ಕಿಸಿಕೊಳ್ಳುವುದು ಅವರ ಪದ್ಧತಿ. ಮಾಲಿಂಗಪ್ಪನಿಗೆ ಲಾರಿಯ ಗಡಿಬಿಡಿಯಲ್ಲಿ ಅದು ಮರೆತೇ ಹೋಗಿತ್ತು. ಸೀತವ್ವ ಜಗಳ ತೆಗೆಯಲಿಲ್ಲ. ಹಿಂಡಿನ ಸುತ್ತ ದಡ್ಡಿಯಾಗಿ ಕಟ್ಟುವ ಬಲೆ, ಗೂಟ, ಬುಟ್ಟಿ ಎಲ್ಲವನ್ನೂ ಒಬ್ಬಳೇ ಅಟ್ಟಕ್ಕೆ ಹಾಕಿದಳು. ಆಮೇಲೆ ಮನೆಯಲ್ಲಿ ಒಂದು ಕೋಳಿಯನ್ನೂ ಸಾಕಗೊಡಲಿಲ್ಲ.

ಹೋದ ಕಾರ್ತಿಕದ ಒಂದು ಗುರುವಾರ ಸುನೀಲ ಮೂಡಲಗಿ ಕಡೆಯಿಂದ ಬಂದವನು ಟವೆಲ್ ಬಿಚ್ಚಿದ. ಒಳಗೆ ಒಂದು ಗೋಸುಂಬೆ. ಕಬ್ಬಿನ ಸಿವುಡಿನ ನಡುವೆ ಸಿಕ್ಕಿಕೊಂಡು ಅದರ ಹಿಂಗಾಲು ಬಾತಿತ್ತು. ಅವನ ಮಗಳು ಅನ್ನಪೂರ್ಣಾ ಗೋಕಾಕದಲ್ಲಿ ಬಿ.ಎಸ್ಸಿ. ಓದುವವಳು. ಕೂಡಲೇ ಅರಣ್ಯ ಇಲಾಖೆಗೆ ಫೋನ್ ಮಾಡಿದಳು. ಸೋಮವಾರ ಅವರ ಮನುಷ್ಯ ಬರುತ್ತಾನೆ, ಅಲ್ಲಿಯ ತನಕ ಜೋಪಾನವಾಗಿ ಇಡಿ ಎಂದರಂತೆ.

"ಇದನ್ನ ಸಾಕೋ ಹಂಗಿಲ್ಲ ಆಯಿ, ಕಾಯ್ದೆ ಐತಿ. ಸೋಮವಾರದ ತನಕ ಸಾಯದಂಗ ನೋಡ್ಕೊಂಡ್ರ ಆತು" ಎಂದು ಅಜ್ಜಿಗೆ ಹೇಳಿದಳು.

"ನನ್ನ ಕೈಯಾಗ ಸಾಯಾಕ ಏನಾಗೇತಿ? ಆ ಬುಟ್ಟಿ ಇಳಸು" ಅಂದಳು ಸೀತವ್ವ.

ಅಟ್ಟದ ಬುಟ್ಟಿ ಕೆಳಗೆ ಬಂತು. ಹುಲ್ಲು ಹಾಸಿ, ಗೋಸುಂಬೆಯನ್ನು ಮಲಗಿಸಿ, ಬಟ್ಟಲಲ್ಲಿ ನೀರಿಟ್ಟು, ಮೇಲೆ ಕಂಬಳಿ ಮುಚ್ಚಿದಳು. ಬೆಳಗ್ಗೆ ನೋಡಿದರೆ ನೀರು ಇಟ್ಟ ಹಾಗೇ ಇತ್ತು. ಅರಿವೆಯ ತುದಿಯನ್ನು ನೆರೆಮನೆಯಿಂದ ತಂದ ಆಡಿನ ಹಾಲಿನಲ್ಲಿ ಅದ್ದಿ ಬಾಯಿಗೆ ಹಿಡಿದಳು. ಅದು ಬಾಯಿ ಬಿಡಲಿಲ್ಲ. ಹಸಿರಾಗಿದ್ದ ಮೈ ಸಂಜೆಯ ಹೊತ್ತಿಗೆ ಇದ್ದಿಲಿನಂತಾಯಿತು.

"ಏ ಮುದುಕಿ, ಅದೇನ ಟಗರಿನ ಮರಿ ಅನ್ಕೊಂಡಿ ಏನ? ನಾಳೆ ಕೊಳ್ಳಿಗೆ ಗಂಟೀನೂ ಕಟ್ತಿ" ಎಂದು ಮಾಲಿಂಗಪ್ಪ ಕಟ್ಟೆಯ ಮೇಲಿಂದಲೇ ನಕ್ಕ.

"ನೀವು ಸುಮ್ನ ಕುಂದರ್ರಿ."

ಅನ್ನಪೂರ್ಣಾ ಫೋನಿನಲ್ಲಿ ಓದಿ ಹೇಳಿದಳು: "ಇದಕ್ಕ ಎತ್ತರ ಬೇಕಂತ ಆಯಿ. ಗಾಳಿ ಬೇಕು, ಬಿಸಲು ಬೇಕು, ಹಿಡ್ಕೊಳ್ಳಾಕ ಟೊಂಗಿ ಬೇಕು. ಬಟ್ಟಲದಾಗ ಇಟ್ಟ ನೀರು ಮುಟ್ಟೂದಿಲ್ಲಂತ."

"ನಿನ್ನ ಫೋನು ಎಷ್ಟು ಮರಿ ಉಳಿಸೇತಿ?"

ಹಾಗೆ ಅಂದಳೇ ಹೊರತು ಸೀತವ್ವಳಿಗೆ ಒಳಗೇ ಅಳುಕು. ಕಂಬಳಿ ಸರಿಸಿ ನೋಡಿದಳು. ಗೋಸುಂಬೆಯ ಕಣ್ಣು ಗುಳಿ ಬಿದ್ದಿತ್ತು. ಬಾಯಾರಿದ ಮರಿಯ ಕಣ್ಣೂ ಹೀಗೇ ಒಳಗೆ ಹೋಗುತ್ತದೆ, ಅದು ಅವಳಿಗೆ ಗೊತ್ತು. ನೋಡುತ್ತ ಕುಳಿತವಳಿಗೆ ಮೂಡಲಗಿಯ ಆಚೆಯ ಒಂದು ಬೆಳಗು ನೆನಪಾಯಿತು. ಮದುವೆಯಾದ ವರ್ಷ, ಬೀಡಿನ ಬದಿಯ ಜಾಲಿಕಂಟಿ. ಮೂರು ಕಲ್ಲಿನ ಒಲೆಗೆ ಕಡ್ಡಿ ಮುರಿಯಲು ಕೈ ಚಾಚಿದರೆ ಅಲ್ಲೊಂದು ಗೋಸುಂಬೆ ನಿಧಾನಕ್ಕೆ ಎಲೆಯ ಮೇಲಿನ ಇಬ್ಬನಿ ನೆಕ್ಕುತ್ತಿತ್ತು. ಒಲೆಯ ನೆನಪೇ ಇಲ್ಲದೆ ಅವಳು ಅದನ್ನು ನೋಡುತ್ತ ನಿಂತಿದ್ದಳು. "ಗಂಜಿ ಕಾಸೂದು ಬಿಟ್ಟು ಗಿಡದ ಜೋಡಿ ಮಾತಾಡ್ತೀ ಏನ?" ಎಂದು ಅತ್ತೆ ಬೈದಿದ್ದಳು.

ನೋಡಿದ್ದೆ. ನೋಡಿಯೂ ಬಟ್ಟಲಿಟ್ಟೆ, ಅಂದುಕೊಂಡಳು.

ಶನಿವಾರ ನಸುಕಿನಲ್ಲೇ ಎದ್ದು ಅಟ್ಟದ ಕುರಿಬಲೆಯನ್ನೂ ಕೆಳಗೆ ಎಳೆದಳು. ಗಿಡವನ್ನು ಬುಟ್ಟಿಯೊಳಗೆ ತರಲಾಗುವುದಿಲ್ಲ, ಗಿಡದ ಸುತ್ತಲೇ ದಡ್ಡಿ ಕಟ್ಟಿದರಾಯಿತು. ಅಂಗಳದ ದಾಳಿಂಬೆ ಗಿಡ ಆಳೆತ್ತರ ಇತ್ತು, ಅರ್ಧ ಬಿಸಿಲು ಅರ್ಧ ನೆರಳು. ಆದರೆ ಬಲೆಯ ಕಣ್ಣುಗಳು ಕುರಿಗಾಗಿ ಹೆಣೆದವು, ಒಂದೊಂದರಲ್ಲಿ ಮುಷ್ಟಿ ತೂರುತ್ತಿತ್ತು. ಸೀತವ್ವ ಸಣ್ಣ ಹುರಿ ಹಿಡಿದು ಪ್ರತಿ ಕಣ್ಣಿಗೂ ಅಡ್ಡ, ಉದ್ದ ಗಂಟು ಹಾಕುತ್ತ ಕುಳಿತಳು. ಬೆರಳುಗಳಿಗೆ ಗಂಟು ನೆನಪಿತ್ತು, ಅವಳು ಹೇಳಿಕೊಡಬೇಕಾಗಲಿಲ್ಲ. ಹಳೆಯ ಬಲೆಗೆ ಇನ್ನೂ ಕುರಿಯ ವಾಸನೆ ಇತ್ತು. ಮಾಲಿಂಗಪ್ಪ ಸುಮ್ಮನೆ ಎದ್ದು ಬಂದು ಗೂಟ ಹೊಡೆದ. ನೋಯುವ ಕಾಲಿಗೆ ಹತ್ತಲು ಸುಲಭವಾಗಲೆಂದು ಅನ್ನಪೂರ್ಣಾ ಒರಟು ತೊಗಟೆಯ ಕಡ್ಡಿಗಳನ್ನು ಓರೆಯಾಗಿ ಕಟ್ಟಿದಳು.

ಉಳಿದದ್ದು ನೀರು. ಸೀತವ್ವ ಸಣ್ಣದೊಂದು ಮಣ್ಣಿನ ಗಡಿಗೆಗೆ ತೂತು ಕೊರೆದು, ದಾರದ ಬತ್ತಿ ಇಳಿಬಿಟ್ಟು, ಬಲೆಯ ಮೇಲ್ತುದಿಗೆ ತೂಗುಹಾಕಿದಳು. ಹನಿ ಹನಿಯಾಗಿ ನೀರು ಎಲೆಯ ಮೇಲೆ ಬೀಳತೊಡಗಿತು.

"ಈಶ್ವರನ ಗುಡ್ಯಾಗಿನ ಅಭಿಷೇಕ ಇದಕ್ಕೂ ಬಂತ?" ಅಂದ ಮಾಲಿಂಗಪ್ಪ. "ಇನ್ನ ಬಿಲ್ಪತ್ರಿ ಒಂದ ಬಾಕಿ."

"ಬಿಲ್ಪತ್ರಿ ತಿನ್ನೂದಿಲ್ಲ ಅದು. ಹೋಗಿ ನಾಕು ಮಿಡಚಿ ಹಿಡ್ಕೊಂಡು ಬರ್ರಿ."

ಮುನ್ನೂರು ಕುರಿ ಕಾಯ್ದ ಮನುಷ್ಯ ಟವೆಲ್ ಹಿಡಿದು, ಕುಂಟುತ್ತ, ಮಿಡತೆಗಳ ಬೆನ್ನು ಹತ್ತಿದ. ಅನ್ನಪೂರ್ಣಾ ನಕ್ಕು ನಕ್ಕು ಕೆಳಗೆ ಕುಳಿತಳು.

ಟೊಂಗೆಯ ಮೇಲೆ ಬಿಟ್ಟ ಗೋಸುಂಬೆ ಬಹಳ ಹೊತ್ತು ಅಲುಗಲಿಲ್ಲ. ಸೀತವ್ವ ರೊಟ್ಟಿಯನ್ನೂ ತಿನ್ನದೆ ಎದುರಿಗೆ ಕುಳಿತಳು. ಬಿಸಿಲು ಏರಿದ ಮೇಲೆ ಅದರ ಒಂದು ಕಣ್ಣು ಮಾತ್ರ ಮೇಲೆ ತಿರುಗಿತು. ಎಲೆಯ ತುದಿಯಲ್ಲಿ ಒಂದು ಹನಿ ನಿಂತಿತ್ತು. ಅದು ಕತ್ತು ಚಾಚಿ, ಬಾಯಿ ತೆರೆದು, ಆ ಹನಿಯನ್ನು ತೆಗೆದುಕೊಂಡಿತು. ಇನ್ನೊಂದು. ಮತ್ತೊಂದು. ಸಂಜೆಗೆ ಕಪ್ಪು ಹೋಗಿ ಪಕ್ಕೆಗಳಲ್ಲಿ ಹಸಿರು ಮೂಡಿತು. ರವಿವಾರ ಅದು ನಾಲಿಗೆ ಚಿಮ್ಮಿಸಿ ಮಿಡತೆ ಹಿಡಿದಾಗ ಮಾಲಿಂಗಪ್ಪ ಕುಸ್ತಿ ನೋಡುವವನ ಹಾಗೆ ತೊಡೆ ತಟ್ಟಿದ.

ಸೋಮವಾರ ಇಲಾಖೆಯ ಪರಪ್ಪ ಬಂದು ಕಾಲು ನೋಡಿದರು. ಬಾವು ಇಳಿದಿತ್ತು. "ಬೇಷ್ ನೋಡ್ಕೊಂಡೀರಿ. ಗೋಕಾಕ ಬಾಜೂ ಕಾಡಿನ ಅಂಚಿಗೆ ಬಿಡ್ತೀನ್ರಿ" ಎಂದು ಚೀಲ ತೆಗೆದರು.

"ತಡೀರಿ ಸಾಹೇಬ್ರ" ಎಂದು ಸೀತವ್ವ ಒಳಗೆ ಹೋಗಿ ಭಂಡಾರದ ಬಟ್ಟಲು ತಂದಳು. ಗೋಸುಂಬೆಯ ಮೈಗೆ ಮುಟ್ಟಿಸದೆ, ಅದು ಕುಳಿತ ಟೊಂಗೆಗೆ ಒಂದು ಚಿಟಿಕೆ ಹಚ್ಚಿ, ಬಲೆಯ ಬಾಯನ್ನು ತಾನೇ ಬಿಚ್ಚಿದಳು.

"ಇದರ ಉಣ್ಣಿ ಎಲ್ಲಿ ಕತ್ತರಸ್ತಿ?" ಎಂದ ಮಾಲಿಂಗಪ್ಪ, ಮೆಲ್ಲಗೆ.

ಪರಪ್ಪ ಎತ್ತಿಕೊಳ್ಳುವಾಗ ಗೋಸುಂಬೆ ಬಿಗಿಯಾಗಿ ಹಿಡಿದಿದ್ದ ಒಂದು ದಾಳಿಂಬೆ ಎಲೆ ಕಿತ್ತು ಅದರ ಕಾಲಿನ ಜೊತೆಗೇ ಬಂದಿತ್ತು. ಸೀತವ್ವ ಅದನ್ನು ಬಿಡಿಸಿಕೊಂಡು, ಒಳಗೆ ಹೋಗಿ, ಜಂತಿಗೆ ಸಿಕ್ಕಿಸಿದಳು.

ಮೋಟರ್‌ಸೈಕಲ್ಲಿನ ಸಪ್ಪಳ ದೂರವಾದ ಮೇಲೆ ಮಾಲಿಂಗಪ್ಪ ಬಾಗಿಲಲ್ಲಿ ನಿಂತು ಹೇಳಿದ: "ಅವತ್ತ ಲಾರಿ ಬಂದಾಗ ನನಗ ಲಕ್ಷ್ಯಕ್ಕ ಬರಲಿಲ್ಲ."

"ಗೊತ್ತೈತಿ ಬಿಡ್ರಿ."

ಅವನು ಗೂಟ ಕೀಳಲು ಬಗ್ಗಿದ.

"ಇರ್ಲಿ" ಅಂದಳು ಸೀತವ್ವ. "ಗಡಿಗಿಗೆ ನೀರು ಹಾಕಬೇಕು. ಗುಬ್ಬಿ ಬರಾಕತ್ತಾವು."