ಪ್ರಭೆ ಹರಿದಿದೆ ಎಂದರು

ಕ್ಯಾನ್ಸರ್ ಗಂಟಿಗೆ ಕಿಮೋ ಶುರುವಾದ ಮೇಲೆ ಮೊದಲು ನನ್ನ ತಲೆಗೂದಲು ಹೋಯಿತು, ಆಮೇಲೆ ಹುಬ್ಬು. ಧನಕವಡಿಯ ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಚಹಾ ಕೊಡಲು ಬಂದ ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ. "ಮುಖದಾಗಿನ ಕಳೀನ ಹೋತಲ್ಲ ನಿಂದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ಕೆಳಗಿನ ಮನೆಯ ಮರಾಠಿ ಹೆಂಗಸು ಒಬ್ಬ ಚಿಕಿತ್ಸಕಿಯ ವಿಳಾಸ ಕೊಟ್ಟದ್ದು ಆ ವಾರವೇ. ಮನುಷ್ಯರ ಸುತ್ತಲಿನ ಪ್ರಭೆಯನ್ನು ಆಕೆ ಓದುತ್ತಾರಂತೆ. ಅತ್ತೆಯ ಸಮಾಧಾನಕ್ಕೆಂದು ಅವರ ಜೊತೆ ಹೋದೆ. ಕೋಣೆ ತಂಪಾಗಿತ್ತು, ಆಕೆಯ ದನಿಯೂ. ಲೋಹದ ತಟ್ಟೆಯ ಮೇಲೆ ಅಂಗೈ ಇಡಿಸಿ ಫೋಟೊ ತೆಗೆದರು. ಅದರಲ್ಲಿ ನನ್ನ ತಲೆಯ ಸುತ್ತ ಕೆಂಪು, ಹಳದಿ ಮೋಡ. ಎಡಕ್ಕೆ ಬೂದಿ ಬಣ್ಣ.

"ಎಡಗಡೆ ನಿಮ್ಮ ಪ್ರಭೆ ಬಟ್ಟೆಯ ಹಾಗೆ ಹರಿದಿದೆ. ಈ ಔಷಧಿಯ ವಿಷ ಅದನ್ನು ಸುಡುತ್ತಿದೆ. ಸದ್ಯ ಅದನ್ನು ನಿಲ್ಲಿಸಿ, ನನ್ನ ಹತ್ತಿರ ಬನ್ನಿ" ಎಂದು ಮರಾಠಿಯಲ್ಲಿ ಹೇಳಿದರು. ಅತ್ತೆ ತಲೆಯಾಡಿಸುತ್ತಿದ್ದರು.

"ನಿಲ್ಲಿಸುವುದಿಲ್ಲ" ಎಂದು ನಾನು ಎದ್ದುಬಿಟ್ಟೆ.

ರಿಕ್ಷಾದಲ್ಲಿ ಅತ್ತೆ ಮುಖ ಆಚೆ ತಿರುಗಿಸಿ ಕೂತಿದ್ದರು. ಸ್ವಾರಗೇಟ್ ಸಿಗ್ನಲ್ಲಿನಲ್ಲಿ ಬಾಯಿಬಿಟ್ಟರು.

"ಅಷ್ಟು ಖಡಕ್ಕಾಗಿ ಹೇಳಬಾರದಿತ್ತು. ಅವರಿಗೆ ಕಾಣಸ್ತದ."

"ಏನ್ ಕಾಣಸ್ತದರಿ ಅತ್ತಿ? ಗಂಟು ಎಡಕ್ಕದ ಅಂತ ನೀವ ಅವರಿಗೆ ಮೊದಲ ಹೇಳಿದ್ರಿ."

ಅತ್ತೆ ನನ್ನ ಕಡೆ ತಿರುಗಿ ಕೇಳಿದರು: "ಹಂಗಾದ್ರ ಪ್ರಭೆ ಅನ್ನೂದೆಲ್ಲಾ ಸುಳ್ಳೇನು?"

ಹಟದಿಂದ ಕೇಳಿದ ಪ್ರಶ್ನೆ ಅದಾಗಿರಲಿಲ್ಲ. ಹಾಗಾಗಿ ತಿಳಿದುಕೊಳ್ಳಲೇಬೇಕು ಅಂದುಕೊಂಡೆ. ಔಷಧಿಯ ವಾಕರಿಕೆ ಇಳಿದ ಮಧ್ಯಾಹ್ನಗಳಲ್ಲಿ ಸಿಕ್ಕದ್ದನ್ನೆಲ್ಲ ಓದಿದೆ. ತಪಸ್ಸು ಮಾಡಿದವರ ಮೈಯಲ್ಲಿ ತೇಜಸ್ಸು ಕಾಣುತ್ತದೆ ಎಂದು ನಮ್ಮವರು ಬಹಳ ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ದೇವರ ಹಿಂದೆ ಪ್ರಭಾವಳಿ ನಿಲ್ಲಿಸಿದ್ದು, ಬುದ್ಧನ ತಲೆಯ ಹಿಂದೆ ಬೆಳಕಿನ ವೃತ್ತ ಬರೆದದ್ದು, ಕ್ರೈಸ್ತ ಸಂತರ ತಲೆಯ ಸುತ್ತ ಚಿನ್ನದ ಬಳೆಯಂಥ ಬೆಳಕು ಬಿಡಿಸಿದ್ದು, ಎಲ್ಲವೂ ಪೂಜ್ಯರೆಂದು ತೋರಿಸುವುದಕ್ಕೆ. ಇಂಥ ಬಣ್ಣಕ್ಕೆ ಇಂಥ ಗುಣ, ಇಂಥ ದೋಷ ಎಂಬ ವಿಂಗಡಣೆ ಈಚಿನದು. ಪಶ್ಚಿಮದ ಕೆಲವರು ನಮ್ಮ ಚಕ್ರಗಳ ಮಾತನ್ನು ತಮ್ಮ ವಿಚಾರಗಳಿಗೆ ಬೆರೆಸಿಕೊಂಡ ಮೇಲೆ ಅದು ಹರಡಿತು. ಪ್ರಭೆಯ ಫೋಟೊ ತೆಗೆಯುವ ಕ್ಯಾಮೆರಾ ಅದಕ್ಕೂ ಆಮೇಲಿನದು.

ಸೊಪ್ಪು ಸೋಸುತ್ತ ಕೂತಿದ್ದ ಅತ್ತೆಗೆ ಇದನ್ನೆಲ್ಲ ಹೇಳಿದೆ.

"ಒಬ್ಬರನ್ನ ದೊಡ್ಡವರು ಅನ್ನಲಿಕ್ಕೆ ಹುಟ್ಟಿದ ಮಾತರಿ ಅದು. ಬ್ಯಾನಿ ಬಿದ್ದವರನ್ನ ಹೆದರಸಲಿಕ್ಕಲ್ಲ."

"ಅಂದ್ರ ಪ್ರಭೆ ಅದ?"

"ನಿಮಗ ಅದ ಅನಸಿದ್ರ ಇರಲಿ. ಅದಕ್ಕಂತ ನಾ ಔಷಧ ಬಿಡಂಗಿಲ್ಲ."

ಅತ್ತೆ ಕೈಯಲ್ಲಿದ್ದ ಕಟ್ಟನ್ನು ಬಿಚ್ಚುತ್ತ ಯೋಚಿಸಿದರು. "ಬಿಡಬ್ಯಾಡ. ಆದ್ರ ನಾ ನಿನ್ನ ಹೆಸರಲೆ ದೀಪ ಹಚ್ಚತೇನಿ. ಅದಕ್ಕ ನೀ ಬ್ಯಾಡ ಅನ್ನಬ್ಯಾಡ."

"ಹಚ್ಚರಿ."

ಕಿಮೋದ ಮುಂದಿನ ಸರದಿಗೆ ಆಸ್ಪತ್ರೆಗೆ ಹೊರಟಾಗ ಅವರೂ ಚಪ್ಪಲಿ ಮೆಟ್ಟಿ ನಿಂತಿದ್ದರು. ಅಲ್ಲಿಯವರೆಗೆ ಗಂಡ ಒಬ್ಬರೇ ಬರುತ್ತಿದ್ದರು. ಆಮೇಲೆ ಪ್ರತಿ ಸಲವೂ ಅತ್ತೆ ಬಂದರು. ಔಷಧಿ ಇಳಿಯುವಷ್ಟು ಹೊತ್ತೂ ಪಕ್ಕದ ಕುರ್ಚಿಯಲ್ಲಿ ಕೂತು ನನ್ನ ಕಾಲಿನ ಮೇಲಿನ ಹೊದಿಕೆ ಸರಿಮಾಡುತ್ತಿದ್ದರು. ಕೆಲವು ದಿನ ನನಗೆ ಹಾಸಿಗೆಯಿಂದ ಏಳುವುದೇ ಆಗುತ್ತಿರಲಿಲ್ಲ. ಆದರೂ ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಮಳೆಗಾಲ ಮುಗಿಯುವಾಗ ಚಿಕಿತ್ಸೆ ಮುಗಿಯಿತು. ಈವರೆಗಿನ ತಪಾಸಣೆಗಳಲ್ಲಿ ಗಂಟು ಮರಳಿಲ್ಲ. ಮುಂದಿನವೂ ಇವೆ, ಹೋಗುತ್ತೇನೆ.

ಕೊನೆಯ ಔಷಧಿಯ ಮರುದಿನ ಕೆಳಗಿನ ಮನೆಯ ಹೆಂಗಸು ಬಾಗಿಲಿಗೆ ಬಂದು, ಮತ್ತೆ ಆ ಚಿಕಿತ್ಸಕಿಯ ಹತ್ತಿರ ಯಾಕೆ ಹೋಗಲಿಲ್ಲ ಎಂದು ವಿಚಾರಿಸಿದರು. ಅತ್ತೆ ದನಿ ತಗ್ಗಿಸಿ ತಮ್ಮ ಹರಕು ಮರಾಠಿಯಲ್ಲಿ ಹೇಳಿದ್ದು ಒಳಗೆ ಮಲಗಿದ್ದ ನನಗೆ ಕೇಳಿಸಿತು: "ಸೊಸೆ ಔಷಧಿ ಪೂರ್ತಿ ಮಾಡಿದ್ದಾಳೆ. ಈಗಷ್ಟೇ ಕಣ್ಣು ಹತ್ತಿದೆ. ಮೆಲ್ಲಗೆ ಮಾತಾಡಿ."