ಒಳಗೆ ಬಿಡದ ಬಟ್ಟೆ

ನಮ್ಮಕ್ಕನನ್ನು ಅಂಗಡಿಯಲ್ಲಿ ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಅಳತೆ ಹಾಕಿ ಕತ್ತರಿಸುವುದು ಅವಳು, ಹೊಲಿಯುವುದು ನಾನು. ಮಿಕ್ಕ ದರ್ಜಿಗಳು ಮುಂದೆ ಬಿಚ್ಚಿ ಸಡಿಲ ಮಾಡಲೆಂದು ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಬಿಡುತ್ತಾರೆ. ಇವಳು ಒಂದೆಳೆ ಹೆಚ್ಚಿಗೆ ಬಿಟ್ಟವಳಲ್ಲ. ಗಿರಾಕಿ ದಪ್ಪಗಾದರೆ ಅದು ಗಿರಾಕಿಯ ಹಣೆಬರಹ.

ಬಲಭುಜದ ಹಿಂದೆ ಗಂಟು ಕಾಣಿಸಿಕೊಂಡಾಗ ಡಾಕ್ಟರಮ್ಮ ಚೂರು ತೆಗೆದು ಪರೀಕ್ಷಿಸಿ, ಡೆಸ್ಮಾಯ್ಡ್ ಗಡ್ಡೆ ಎಂದರು. "ಬೇರೆ ಕಡೆ ಹರಡೋ ಕ್ಯಾನ್ಸರ್ ಅಲ್ಲ. ಆದ್ರೆ ಇದ್ದಲ್ಲೇ ಬೇರು ಬಿಡುತ್ತೆ. ಸದ್ಯ ಮುಟ್ಟೋದು ಬೇಡ, ಆಗಾಗ ಸ್ಕ್ಯಾನ್ ಮಾಡಿ ನೋಡೋಣ. ಎಷ್ಟೋ ಗಡ್ಡೆ ತಾವಾಗೇ ನಿಲ್ತವೆ. ಬೆಳೆದ್ರೆ ಮಾತ್ರೆ ಇದೆ. ಕೊಯ್ದ್ರೆ ಅಲ್ಲೇ ಮತ್ತೆ ಬರಬಹುದು."

"ಬೇಡದ್ದನ್ನ ಒಳಗಿಟ್ಕೊಂಡು ನೋಡ್ತಾ ಕೂರೋಕೆ ನಿಮ್ಮಷ್ಟು ಓದ್ಬೇಕಾ?" ಎಂದು ಅಕ್ಕ ಎದ್ದೇಬಿಟ್ಟಳು. ನಾನು ಗೋಗರೆದೆ. ಭಾವ ಕೈಮುಗಿದರು. ಅವಳು ಯಾರ ಮಾತು ಕೇಳುವವಳು? ಕೊಯ್ಯಲು ಒಪ್ಪುವ ಸರ್ಜನ್ ಒಬ್ಬರನ್ನು ತಾನೇ ಹುಡುಕಿದಳು. ಆಪರೇಷನ್ ಆದ ಮೇಲೆ ಕನ್ನಡಿಯಲ್ಲಿ ಗಾಯ ನೋಡಿ, "ಹೊಲಿಗೆ ವಕ್ರ. ನಮ್ಮಂಗ್ಡೀಲಾಗಿದ್ರೆ ಬಿಚ್ಚಿಸ್ತಿದ್ದೆ" ಎಂದು ನಕ್ಕಳು. ಅವಳು ಮನಸಾರೆ ನಕ್ಕಿದ್ದು ಅದೇ ಕೊನೆ.

ವರ್ಷ ತುಂಬುವುದರೊಳಗೆ ಅದೇ ಗಾಯದಡಿ ಗಡ್ಡೆ ಮತ್ತೆ ಬಂತು, ಮೊದಲಿಗಿಂತ ದೊಡ್ಡದಾಗಿ, ಕೈಯ ನರಗಳನ್ನು ಸುತ್ತಿಕೊಂಡು. ಮುಖ ಕೆಳಗೆ ಹಾಕಿಕೊಂಡು ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಇನ್ನು ಕೊಯ್ದರೆ ಕೈಯೇ ಹೋದೀತು, ರೇಡಿಯೇಷನ್ ಕೊಟ್ಟರೂ ನರಕ್ಕೆ ಪೆಟ್ಟಾದೀತು ಎಂದು ಮಾತ್ರೆ ಬರೆದರು. ಅದಕ್ಕೆ ಅಂಗೈ ಅಂಗಾಲು ಬಿರಿದು ಗುಳ್ಳೆ ಎದ್ದವು. ಊಟದ ತಟ್ಟೆ ಕಂಡರೆ ವಾಕರಿಕೆ. ತಿಂಗಳುಗಟ್ಟಲೆ ನುಂಗಿದ ಮೇಲೆ, ಗಡ್ಡೆ ಬೆಳೆಯುವುದು ನಿಂತಿದೆ ಎಂದಿತು ಸ್ಕ್ಯಾನ್.

"ಬೆರಳು?" ಎಂದಳು ಅಕ್ಕ. ಆ ಹೊತ್ತಿಗೆ ಅವು ಮಡಚುತ್ತಲೇ ಇರಲಿಲ್ಲ.

"ಅದು ಇನ್ನು ಬರಲ್ಲಮ್ಮ," ಎಂದರು ಡಾಕ್ಟರಮ್ಮ.

ಕಾಯಿಲೆ ನಿಂತ ಸುದ್ದಿಗೆ ಸಂತೋಷಪಡಬೇಕಿತ್ತು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದೆ.

ಈಗ ಕತ್ತರಿ ನನ್ನ ಕೈಯಲ್ಲಿದೆ. ಅಕ್ಕ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು ಮೇಜಿನ ಪಕ್ಕ ಕೂರುತ್ತಾಳೆ. ನಿನ್ನೆ ಒಂದು ಕೋಟಿನ ಬಟ್ಟೆ ಹಾಸಿ, ಅವಳು ಕಲಿಸಿದಂತೆ ಗೆರೆಗೆ ಅಂಟಿಕೊಂಡೇ ಕತ್ತರಿ ಇಟ್ಟೆ.

"ತಡಿಯೇ," ಎಂದಳು. "ಒಂದಿಷ್ಟು ಒಳಗೆ ಬಿಡು. ಕತ್ತರಿಸಿದ್ಮೇಲೆ ಸಿಗಲ್ಲ."

ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಕೇಳಿರದ ಮಾತು. ಕತ್ತರಿ ಕೆಳಗಿಟ್ಟು, ಕಣ್ಣೊರೆಸಿಕೊಂಡು, ಮೊದಲ ಗೆರೆಯಿಂದ ಆಚೆಗೆ ಇನ್ನೊಂದು ಗೆರೆ ಎಳೆದೆ.